ಗಾಳದ ಕೋಲಿಗೆ ಹೊಸ ಹಿಡಿ

ಸನ್ನೆಗಳ ಪಾಠ ಮಾಡುವಾಗ ಮೂರನೇ ವರ್ಗದ ಸನ್ನೆಗೆ ನಾವು ಕೊಡುವ ಉದಾಹರಣೆಗಳು ಮೂರೋ ನಾಲ್ಕೋ ಮಾತ್ರ: ಇಕ್ಕಳ, ಪೊರಕೆ, ನಮ್ಮದೇ ಮುಂಗೈ ಮತ್ತು ಮೀನು ಹಿಡಿಯುವ ಗಾಳದ ಕೋಲು. ಕಪ್ಪು ಹಲಗೆಯ ಮೇಲೆ ಒಂದು ಗೆರೆ ಎಳೆದು, ಒಂದು ತುದಿಯಲ್ಲಿ ಆಧಾರ ಬಿಂದು, ಇನ್ನೊಂದು ತುದಿಯಲ್ಲಿ ಭಾರ, ನಡುವೆ ಪ್ರಯತ್ನ ಎಂದು ಬಾಣದ ಗುರುತು ಹಾಕಿ ಮುಂದಿನ ಪಾಠಕ್ಕೆ ಹೋಗುತ್ತೇವೆ. ಆ ಬಾಣದ ಗುರುತು ಬಿದ್ದ ಜಾಗದಲ್ಲಿ ನಿಜವಾಗಿ ಏನಿದೆ ಎಂದು ನಾನೂ ಬಹಳ ವರ್ಷ ಯೋಚಿಸಿರಲಿಲ್ಲ. ಅಲ್ಲಿರುವುದು ಒಂದು ಹಿಡಿ, ಅದನ್ನು ಹಿಡಿದ ಒಂದು ಕೈ.

ಕರಾವಳಿಯ ನಮ್ಮೂರಿನಲ್ಲಿರುವ ನನ್ನ ಅಣ್ಣನಿಗೆ ಎಪ್ಪತ್ತು ದಾಟಿದೆ. ಸಂಜೆ ಅಳಿವೆಯ ದಂಡೆಯಲ್ಲಿ ಕುಳಿತು ಕಾಣೆ ಮೀನಿಗೆ ಗಾಳ ಹಾಕುವುದು ಅವನ ಹಳೆಯ ಅಭ್ಯಾಸ. ಅವನ ಗಾಜಿನೆಳೆಯ ಕೋಲಿಗೆ ಮೂವತ್ತು ವರ್ಷಕ್ಕೂ ಹೆಚ್ಚು ವಯಸ್ಸು. ಅದರ ಕಾರ್ಕ್ ಹಿಡಿ ಪುಡಿಯಾಗಿ ಉದುರತೊಡಗಿತ್ತು. ಜೊತೆಗೆ ಅವನ ಬೆರಳಿನ ಗಂಟುಗಳೂ ಬಿಗಿದುಕೊಂಡು ತೆಳ್ಳನೆಯ ಹಿಡಿಯನ್ನು ಗಟ್ಟಿಯಾಗಿ ಹಿಡಿಯಲು ಆಗುತ್ತಿರಲಿಲ್ಲ. ನಾನು ಉತ್ಸಾಹದಿಂದ ಹಳೆಯದನ್ನು ಕಿತ್ತು, ದಪ್ಪನೆಯ ಮೆತ್ತನೆಯ ಸ್ಪಂಜಿನ ಹಿಡಿ ಹಾಕಿಕೊಟ್ಟೆ. ಎರಡು ವಾರ ಕಳೆದು ಫೋನಿನಲ್ಲಿ ಅವನು ಹೇಳಿದ: “ಕೈಗೆ ಸುಖ ಉಂಟು ಮಾರಾಯ. ಆದರೆ ಮೀನು ಎಳೆದರೆ ಮಾತ್ರ ಗೊತ್ತಾಗುತ್ತದೆ, ಕಚ್ಚಿದರೆ ಗೊತ್ತಾಗುವುದಿಲ್ಲ.”

ಭೌತವಿಜ್ಞಾನ ಕಲಿಸುವವನಿಗೆ ಇದಕ್ಕಿಂತ ಚುರುಕಾದ ಪ್ರಶ್ನೆ ಬೇಕಿಲ್ಲ. ಈ ಲೇಖನ ಆ ಪ್ರಶ್ನೆಯ ಉತ್ತರ, ಮತ್ತು ಎರಡನೇ ಸಲ ಹಿಡಿಯನ್ನು ಸರಿಯಾಗಿ ಬದಲಿಸಿದ ವಿವರ.

ಹಿಡಿಯ ಎರಡು ಕೆಲಸಗಳು

ಮೊದಲನೆಯ ಕೆಲಸ ಬಲವನ್ನು ಸಾಗಿಸುವುದು. 2.1 ಮೀಟರ್ ಉದ್ದದ ಕೋಲಿನ ಬುಡವನ್ನು ಹೊಟ್ಟೆಗೋ ಮೊಣಕೈಗೋ ಆನಿಸಿ, ಬುಡದಿಂದ 35 ಸೆಂಟಿಮೀಟರ್ ದೂರದಲ್ಲಿ ಮುಂಗೈ ಹಿಡಿದಿದ್ದೀರಿ ಎಂದುಕೊಳ್ಳಿ. ತುದಿಯಲ್ಲಿ ದಾರ 8 ನ್ಯೂಟನ್ ಬಲದಿಂದ, ಅಂದರೆ ಸುಮಾರು 800 ಗ್ರಾಂ ತೂಕದಷ್ಟು, ಕೋಲಿಗೆ ಲಂಬವಾಗಿ ಎಳೆಯುತ್ತಿದೆ. ಕೋಲು ಬಾಗುವುದೇ ಇಲ್ಲವೆಂದರೆ ಕೈ ಹಾಕಬೇಕಾದ ಬಲ 8 × 2.1 ÷ 0.35 = 48 ನ್ಯೂಟನ್. ಮೀನಿನ ಎಳೆತದ ಆರು ಪಟ್ಟು! ಮೂರನೇ ವರ್ಗದ ಸನ್ನೆಯಲ್ಲಿ ಯಾಂತ್ರಿಕ ಲಾಭ ಒಂದಕ್ಕಿಂತ ಕಡಿಮೆ ಎಂದು ನಾವು ಬರೆಸುವ ವಾಕ್ಯದ ಅರ್ಥ ಇದೇ. ಕೋಲು ಬಾಗಿದಾಗ ತುದಿ ಹತ್ತಿರ ಬರುತ್ತದೆ. ಲಂಬದೂರ 1.4 ಮೀಟರಿಗೆ ಇಳಿದರೆ ಕೈಯ ಬಲ 32 ನ್ಯೂಟನ್ನಿಗೆ ಇಳಿಯುತ್ತದೆ. ಕೋಲು ಬಾಗುವುದು ಕೈಗೆ ಒಂದು ಉಪಕಾರ.

ಎರಡನೆಯ ಕೆಲಸ ಸುದ್ದಿಯನ್ನು ತರುವುದು. ಮೀನು ಎರೆಯನ್ನು ಮುಟ್ಟಿದ ನಡುಕ ದಾರದಲ್ಲಿ ಸಾಗಿ, ಕೋಲಿನ ತುದಿಯನ್ನು ಅಲುಗಿಸಿ, ಕೋಲಿನ ಒಡಲಲ್ಲಿ ಹರಿದು, ಕೊನೆಗೆ ಹಿಡಿಯ ಮೂಲಕ ಅಂಗೈಗೆ ಬರಬೇಕು. ಅಂಗೈ ಸಾಮಾನ್ಯ ಉಪಕರಣವಲ್ಲ. ಚರ್ಮದ ಆಳದಲ್ಲಿರುವ ಪಾಸಿನಿ ಕಾಯಗಳೆಂಬ ಸಂವೇದಕಗಳು ಸೆಕೆಂಡಿಗೆ 200ರಿಂದ 300 ಕಂಪನಗಳ ಆಸುಪಾಸಿನಲ್ಲಿ ಅತ್ಯಂತ ಚುರುಕು. ಒಂದು ಮೈಕ್ರೋಮೀಟರಿಗಿಂತಲೂ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ, ಚಿಕ್ಕ ಅಲುಗಾಟವನ್ನು ಅವು ಗುರುತಿಸಬಲ್ಲವು. ಇಷ್ಟು ಸೂಕ್ಷ್ಮವಾದ ಅಂಗೈಗೂ ಕೋಲಿಗೂ ನಡುವೆ ನಾವು ಏನನ್ನು ಇಡುತ್ತೇವೆ ಎಂಬುದು ಮುಖ್ಯವಾಗುತ್ತದೆ.

ಮೆತ್ತನೆಯ ಸ್ಪಂಜು ಒಂದು ಸ್ಪ್ರಿಂಗಿನಂತೆ ವರ್ತಿಸುತ್ತದೆ. ಕೋಲು ನಿಧಾನವಾಗಿ ಸರಿದರೆ ಸ್ಪಂಜು ಕೈಯನ್ನೂ ಜೊತೆಗೇ ಸರಿಸುತ್ತದೆ. ಆದರೆ ಕೋಲು ವೇಗವಾಗಿ ನಡುಗಿದರೆ ಸ್ಪಂಜು ಒಳಗೊಳಗೇ ಕುಗ್ಗಿ ಹಿಗ್ಗಿ ಆ ನಡುಕವನ್ನು ತಾನೇ ನುಂಗುತ್ತದೆ. ಕೈಯ ಜಡತ್ವದಿಂದಾಗಿ ಅದು ನಡುಕವನ್ನು ಹಿಂಬಾಲಿಸುವುದಿಲ್ಲ. ವಾಹನದ ಸ್ಪ್ರಿಂಗು ರಸ್ತೆಯ ಏರಿಳಿತವನ್ನು ತೋರಿಸಿ, ಜಲ್ಲಿಕಲ್ಲಿನ ಗಡಗಡವನ್ನು ಮರೆಮಾಡುವುದೂ ಹೀಗೆಯೇ. ಅಣ್ಣ ಹೇಳಿದ್ದು ಅಕ್ಷರಶಃ ಸರಿ. ಎಳೆತ ನಿಧಾನದ ಚಲನೆ, ಕಚ್ಚುವುದು ವೇಗದ ಚಲನೆ. ನಾನು ಅವನ ಕೋಲಿಗೆ ಹಾಕಿದ್ದು ಹಿಡಿಯನ್ನಲ್ಲ, ಒಂದು ಶೋಧಕವನ್ನು!

ಕಾರ್ಕ್ ಎಂಬ ವಸ್ತು

ಕನ್ನಡದಲ್ಲಿ ಹಗುರವಾದ, ನೀರಿನಲ್ಲಿ ತೇಲುವ ಮರದ ಭಾಗಗಳಿಗೆಲ್ಲ ಬೆಂಡು ಎನ್ನುತ್ತೇವೆ. ಗಾಳದ ದಾರಕ್ಕೆ ಕಟ್ಟುವ ತೇಲುಗವೂ ಬೆಂಡು, ಮದುವೆಯ ಬಾಸಿಂಗಕ್ಕೆ ಬಳಸುವುದೂ ಬೆಂಡು. ಆದರೆ ಬಾಸಿಂಗದ ಬೆಂಡು ಜೌಗುನೆಲದಲ್ಲಿ ಬೆಳೆಯುವ ಗಿಡವೊಂದರ ಕಾಂಡದ್ದು. ಕಾರ್ಕ್ ಎಂಬುದು ಓಕ್ ಜಾತಿಯ ಒಂದು ಮರದ ತೊಗಟೆ. ಸಸ್ಯವಿಜ್ಞಾನದಲ್ಲಿ ಅದರ ಹೆಸರು ಕ್ವೆರ್ಕಸ್ ಸ್ಯೂಬರ್. ಪ್ರಪಂಚದ ಕಾರ್ಕಿನಲ್ಲಿ ಸುಮಾರು ಅರ್ಧದಷ್ಟು ಪೋರ್ಚುಗಲ್ ಒಂದರಿಂದಲೇ ಬರುತ್ತದೆ. ಸ್ಪೇನ್, ಮೊರಾಕೊ, ಅಲ್ಜೀರಿಯಗಳಲ್ಲೂ ಈ ಮರಗಳಿವೆ. ಮರಕ್ಕೆ ಸುಮಾರು 25 ವರ್ಷವಾದಾಗ ಮೊದಲ ಸಲ ತೊಗಟೆ ಸುಲಿಯುತ್ತಾರೆ. ಅನಂತರ ಕನಿಷ್ಠ 9 ವರ್ಷಕ್ಕೊಮ್ಮೆ. ಮರವನ್ನು ಕಡಿಯಬೇಕಿಲ್ಲ, ತೊಗಟೆ ಮತ್ತೆ ಬೆಳೆಯುತ್ತದೆ. ನಮ್ಮ ಬೀದಿಗಳಲ್ಲಿ ಹೂ ಸುರಿಸುವ ಆಕಾಶಮಲ್ಲಿಗೆಗೂ ಬಿರಟೆ ಮರ ಎಂಬ ಇನ್ನೊಂದು ಹೆಸರಿದೆ. ಅದರ ತೊಗಟೆಯೂ ಬೆಂಡಿನಂಥದೇ. ಆದರೆ ಗುಣದಲ್ಲಿ ಅದು ನಿಜವಾದ ಕಾರ್ಕಿಗೆ ಸಮವಲ್ಲ.

ವಿಜ್ಞಾನದ ಚರಿತ್ರೆಯಲ್ಲಿ ಕಾರ್ಕಿಗೆ ದೊಡ್ಡ ಸ್ಥಾನವಿದೆ. ರಾಬರ್ಟ್ ಹುಕ್ 1665ರಲ್ಲಿ ಪ್ರಕಟಿಸಿದ ‘ಮೈಕ್ರೋಗ್ರಾಫಿಯಾ’ ಗ್ರಂಥದಲ್ಲಿ ತೆಳು ಕಾರ್ಕ್ ಚೂರನ್ನು ಸೂಕ್ಷ್ಮದರ್ಶಕದಡಿ ನೋಡಿ, ಅಲ್ಲಿ ಕಂಡ ಪುಟ್ಟ ಕೋಣೆಗಳಿಗೆ ‘ಸೆಲ್’ ಎಂಬ ಹೆಸರು ಕೊಟ್ಟ. ಜೀವಕೋಶ ಎಂಬ ಕಲ್ಪನೆಗೆ ಹೆಸರು ಬಂದದ್ದು ಅಲ್ಲಿಂದ. ಒಂದು ಅಂಗುಲದ ಹದಿನೆಂಟನೇ ಒಂದು ಭಾಗದಲ್ಲಿ ಸುಮಾರು 60 ಕೋಣೆಗಳನ್ನು ಹುಕ್ ಎಣಿಸಿದ. ಹಾಗಾದರೆ ಒಂದು ಅಂಗುಲದಲ್ಲಿ 1080, ಒಂದು ಘನ ಅಂಗುಲದಲ್ಲಿ 1080ರ ಘನ, ಅಂದರೆ ಸುಮಾರು 126 ಕೋಟಿ. ಒಂದು ಕೋಣೆಯ ಅಗಲ ಮಿಲಿಮೀಟರಿನ ನೂರರ ಎರಡೂವರೆ ಭಾಗಕ್ಕಿಂತ ತುಸು ಕಡಿಮೆ. ವಿದ್ಯಾರ್ಥಿಗಳಿಂದ ಈ ಲೆಕ್ಕವನ್ನು ಮಾಡಿಸಬಹುದು.

ಈ ಕೋಣೆಗಳೆಲ್ಲ ಮುಚ್ಚಿದ ಡಬ್ಬಿಗಳು. ಒಳಗೆ ಗಾಳಿ, ಗೋಡೆಯಲ್ಲಿ ನೀರನ್ನು ಒಳಬಿಡದ ಸುಬೆರಿನ್ ಎಂಬ ಮೇಣದಂಥ ವಸ್ತು. ಆದ್ದರಿಂದಲೇ ಕಾರ್ಕಿಗೆ ಹಿಡಿಗೆ ಬೇಕಾದ ಗುಣಗಳೆಲ್ಲ ಒಟ್ಟಿಗೇ ಬಂದಿವೆ. ಅದರ ಸಾಂದ್ರತೆ ನೀರಿನ ಐದನೇ ಒಂದು ಭಾಗದಷ್ಟು. ಉಷ್ಣವನ್ನು ನಿಧಾನವಾಗಿ ಸಾಗಿಸುವುದರಿಂದ ಮುಟ್ಟಿದರೆ ತಣ್ಣಗೆ ಅನಿಸುವುದಿಲ್ಲ. ಒದ್ದೆ ಕೈಯಿಂದಲೂ ಸುಲಭವಾಗಿ ಜಾರುವುದಿಲ್ಲ. ಈ ಕೊನೆಯ ಗುಣಕ್ಕೆ ಕಾರಣ ಕುತೂಹಲಕರ. ಸಾಮಾನ್ಯವಾಗಿ ಘರ್ಷಣೆ ಎರಡು ಮೇಲ್ಮೈಗಳು ಒಂದನ್ನೊಂದು ಕಚ್ಚುವುದರಿಂದ ಬರುತ್ತದೆ. ನಡುವೆ ನೀರು ಅಥವಾ ಸೋಪು ಸೇರಿದರೆ ಅದು ಕುಸಿಯುತ್ತದೆ. ಕಾರ್ಕಿನಲ್ಲಿ ಇನ್ನೊಂದು ಪಾಲೂ ಇದೆ. ಬೆರಳು ಒತ್ತಿ ಜಾರುವಾಗ ಕಾರ್ಕ್ ತಗ್ಗುತ್ತದೆ, ಬೆರಳು ದಾಟಿದ ಮೇಲೆ ಮೇಲೇಳುತ್ತದೆ. ಆದರೆ ತಗ್ಗಿಸಲು ಕೊಟ್ಟ ಶಕ್ತಿಯನ್ನು ಪೂರ್ತಿ ಹಿಂದಿರುಗಿಸುವುದಿಲ್ಲ. ಈ ನಷ್ಟವೇ ಘರ್ಷಣೆಯಾಗಿ ಅನುಭವಕ್ಕೆ ಬರುತ್ತದೆ. ಮೇಲ್ಮೈ ಒದ್ದೆಯಾದರೂ ಈ ಪಾಲು ಉಳಿಯುತ್ತದೆ.

ಇನ್ನೊಂದು ಗುಣ ಪಾಯ್ಸಾನ್ ಅನುಪಾತಕ್ಕೆ ಸಂಬಂಧಿಸಿದ್ದು. ರಬ್ಬರನ್ನು ಮೇಲಿಂದ ಒತ್ತಿದರೆ ಅದು ಪಕ್ಕಕ್ಕೆ ಉಬ್ಬುತ್ತದೆ. ಕಾರ್ಕನ್ನು ಒತ್ತಿದರೆ ಹೆಚ್ಚುಕಡಿಮೆ ಉಬ್ಬುವುದೇ ಇಲ್ಲ, ಅದರ ಪಾಯ್ಸಾನ್ ಅನುಪಾತ ಸೊನ್ನೆಗೆ ಹತ್ತಿರ. ಕೋಣೆಗಳ ಗೋಡೆಗಳು ತಿದಿಯಂತೆ ಮಡಚಿಕೊಳ್ಳುವುದು ಇದಕ್ಕೆ ಕಾರಣ. ಬಾಟಲಿಗೆ ಕಾರ್ಕ್ ಬಿರಡೆ ಒತ್ತುವುದು ಸುಲಭ, ರಬ್ಬರ್ ಬಿರಡೆ ಒತ್ತುವುದು ಕಷ್ಟ ಎಂಬುದು ರಸಾಯನವಿಜ್ಞಾನದ ಪ್ರಯೋಗಾಲಯದಲ್ಲಿ ಎಲ್ಲರಿಗೂ ಗೊತ್ತು.

ಕಾರ್ಕೋ ಸ್ಪಂಜೋ?

ಈಗ ಬರುವ ಕೋಲುಗಳಲ್ಲಿ ಅರ್ಧಕ್ಕರ್ಧ ಹಿಡಿಗಳು ಇವಿಎ ಎಂಬ ಪ್ಲಾಸ್ಟಿಕ್ ಸ್ಪಂಜಿನವು. ಎಥಿಲೀನ್ ಮತ್ತು ವೈನೈಲ್ ಅಸಿಟೇಟ್ ಸೇರಿಸಿ ಮಾಡಿದ ಈ ವಸ್ತು ನಮ್ಮ ಓಟದ ಬೂಟುಗಳ ಅಡಿಯಲ್ಲೂ ಇರುತ್ತದೆ. ಇದರಲ್ಲೂ ಮುಚ್ಚಿದ ಗಾಳಿಕೋಣೆಗಳಿವೆ. ಅಗ್ಗ, ಪುಡಿಯಾಗುವುದಿಲ್ಲ, ಕೂರಿಸುವುದು ಸುಲಭ. ಒತ್ತಾದ ಗಟ್ಟಿ ಇವಿಎ ಹಿಡಿ ಕೆಟ್ಟದ್ದೇನಲ್ಲ. ದೊಡ್ಡ ಮೀನಿಗಾಗಿ ಸಮುದ್ರದಲ್ಲಿ ಬಳಸುವ ಭಾರೀ ಕೋಲಿಗೆ ಅದೇ ಸೂಕ್ತ. ಅಲ್ಲಿ ಸೂಕ್ಷ್ಮ ನಡುಕಕ್ಕಿಂತ ಗಟ್ಟಿ ಹಿಡಿತ ಮುಖ್ಯ. ಸಣ್ಣಗೆ ಕಚ್ಚುವ ಮೀನಿಗೆ ಹಗುರವಾದ ಕೋಲು ಹಿಡಿಯುವವರಿಗೆ ಕಾರ್ಕ್ ಮೇಲು. ಕಾರ್ಕ್ ಕೂಡ ನಡುಕವನ್ನು ಸ್ವಲ್ಪ ತಿನ್ನುತ್ತದೆ ಎಂಬುದನ್ನು ಮರೆಯಬಾರದು. ಎಲ್ಲಕ್ಕಿಂತ ಚೆನ್ನಾಗಿ ಸುದ್ದಿ ತರುವುದು ಬರಿಯ ಕೋಲು. ಅದಕ್ಕಾಗಿಯೇ ಅನೇಕ ಕೋಲುಗಳಲ್ಲಿ ರೀಲು ಕೂರುವ ಪೀಠದ ಬಳಿ ಸ್ವಲ್ಪ ಜಾಗ ತೆರೆದಿಟ್ಟು ಬೆರಳು ಕೋಲಿಗೇ ತಾಗುವಂತೆ ಮಾಡಿರುತ್ತಾರೆ. ಕೋಲೇ ಇಲ್ಲದೆ ದಾರವನ್ನು ಬೆರಳಿಗೆ ಸುತ್ತಿ ಕುಳಿತವರು ಈ ವಿಷಯದಲ್ಲಿ ನಮಗೆಲ್ಲ ಗುರುಗಳು.

ಹಳೆಯ ಹಿಡಿ ತೆಗೆಯುವುದು

ಈ ಹಂತದಲ್ಲಿಯೇ ಹೆಚ್ಚಿನ ಕೋಲುಗಳು ಹಾಳಾಗುವುದು. ಕೋಲಿನ ಒಡಲು ಗಾಜಿನ ಅಥವಾ ಇಂಗಾಲದ ಎಳೆಗಳನ್ನು ರಾಳದಲ್ಲಿ ಕೂಡಿಸಿದ ಟೊಳ್ಳು ಕೊಳವೆ. ಬಾಗುವ ಕೊಳವೆಯಲ್ಲಿ ಅತಿ ಹೆಚ್ಚಿನ ಎಳೆತ ಬೀಳುವುದು ಹೊರಮೈಯ ಎಳೆಗಳ ಮೇಲೆ. ಕೊಳವೆಯ ಉದ್ದಕ್ಕೂ ನೋಡಿದರೆ ಬಾಗಿಸುವ ಪರಿಣಾಮ ಅತಿ ಹೆಚ್ಚಾಗಿರುವುದು ಮುಂಗೈ ಹಿಡಿದ ಜಾಗದಲ್ಲಿ. ಹಿಡಿಯನ್ನು ಚಾಕುವಿನಿಂದ ಕತ್ತರಿಸುವಾಗ ಅಲಗು ಜಾರಿ ಗೀರು ಬೀಳುವುದು ಸರಿಯಾಗಿ ಆ ಜಾಗದ ಹೊರಮೈಗೇ! ಅಡ್ಡಗೀರು ಬಿದ್ದರಂತೂ ಎಳೆಗಳೇ ತುಂಡಾಗುತ್ತವೆ. ಆ ಕೋಲು ಮೇಲ್ನೋಟಕ್ಕೆ ಚೆನ್ನಾಗಿದ್ದು, ಒಂದು ದಿನ ಹಿಡಿಯ ಬಾಯಲ್ಲೇ ಮುರಿಯುತ್ತದೆ.

ಆದ್ದರಿಂದ ಚಾಕುವನ್ನು ಉದ್ದಕ್ಕೆ ಮಾತ್ರ, ಮೇಲ್ಪದರಕ್ಕೆ ಮಾತ್ರ ಬಳಸಿ. ಕೊನೆಯ ಎರಡು ಮಿಲಿಮೀಟರನ್ನು ಮರದ ಚೂರಿನಿಂದ ಕೆರೆದು, ಉಳಿದದ್ದನ್ನು ಮರಳು ಕಾಗದದಿಂದ ಉಜ್ಜಿ ತೆಗೆಯಿರಿ. ಉಜ್ಜುವಾಗ ನೀರು ಹಾಕಿಕೊಂಡು ಮೂಗು ಬಾಯಿಗೆ ಮುಸುಕು ಕಟ್ಟಿಕೊಳ್ಳಬೇಕು. ಗಾಜಿನ ಮತ್ತು ಇಂಗಾಲದ ಎಳೆಗಳ ಧೂಳು ಶ್ವಾಸಕೋಶಕ್ಕೂ ಚರ್ಮಕ್ಕೂ ಒಳ್ಳೆಯದಲ್ಲ.

ಅಂಟು ಬಿಡದಿದ್ದರೆ ಬಿಸಿ ಮಾಡಬೇಕಾಗುತ್ತದೆ. ಮನೆಯ ತಾಪದಲ್ಲಿ ಗಟ್ಟಿಯಾದ ಎಪಾಕ್ಸಿ ಅಂಟು ಸಾಮಾನ್ಯವಾಗಿ 50ರಿಂದ 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಕೋಲಿನ ರಾಳವನ್ನು ಕಾರ್ಖಾನೆಯಲ್ಲಿ ಕುಲುಮೆಯಲ್ಲಿಟ್ಟು ಸಾಮಾನ್ಯವಾಗಿ 120 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿನ ತಾಪದಲ್ಲಿ ಗಟ್ಟಿ ಮಾಡಿರುತ್ತಾರೆ. ಈ ಎರಡರ ನಡುವೆ ನಿಲ್ಲುವ ಶಾಖದ ಮೂಲ ನಮಗೆ ಬೇಕು. ಅದು ಅಡುಗೆಮನೆಯಲ್ಲೇ ಇದೆ, ಕುದಿಯುವ ನೀರು. ಎಷ್ಟು ಉರಿ ಹಾಕಿದರೂ ಅದು ಸಮುದ್ರ ಮಟ್ಟದಲ್ಲಿ 100 ಡಿಗ್ರಿಯನ್ನು, ಬೆಂಗಳೂರಿನಂಥ ಎತ್ತರದಲ್ಲಿ ಸುಮಾರು 97 ಡಿಗ್ರಿಯನ್ನು ದಾಟುವುದಿಲ್ಲ. ಕುದಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಇಕ್ಕಳದಿಂದ ಹಿಡಿದು ಸುತ್ತಿ, ಒಂದೆರಡು ನಿಮಿಷಕ್ಕೊಮ್ಮೆ ಬದಲಿಸಿದರೆ ಸಾಕು. ನೇರ ಉರಿಗೆ ಅಥವಾ ಬಿಸಿಗಾಳಿಯ ಯಂತ್ರಕ್ಕೆ ಇಂಥ ಮಿತಿ ಇಲ್ಲ. ಅದು ಕೋಲಿನ ರಾಳವನ್ನೂ ಸುಟ್ಟುಬಿಡಬಲ್ಲದು. ಇದೇ ಕಾರಣಕ್ಕೆ ರಿಪೇರಿ ಮಾಡಿದ ಕೋಲನ್ನು ಬೇಸಿಗೆಯ ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೆ ಬಿಡಬಾರದು.

ಯಾವ ತುದಿಯಿಂದ ಏರಿಸುವುದು?

ಇದು ಒಂದು ಸೊಗಸಾದ ಜ್ಯಾಮಿತಿಯ ಒಗಟು. ಕೋಲು ಬುಡದಲ್ಲಿ ದಪ್ಪ, ತುದಿಯಲ್ಲಿ ತೆಳು. ಬುಡದ ಕೊನೆಯಲ್ಲಿ ಹಿಂದಿನ ಹಿಡಿ, ಅದರ ಮುಂದೆ ರೀಲಿನ ಪೀಠ, ಅದರ ಮುಂದೆ ಮುಂದಿನ ಹಿಡಿ. ಹಿಂದಿನ ಹಿಡಿಯನ್ನು ಬುಡದ ಮುಚ್ಚಳ ತೆಗೆದು ಹಿಂದಿನಿಂದಲೇ ಏರಿಸಬಹುದು. ಮುಂದಿನ ಹಿಡಿಗೆ ಹಿಂದಿನಿಂದ ಪೀಠ ಅಡ್ಡ, ಮುಂದಿನಿಂದ ದಾರ ಸಾಗುವ ಉಂಗುರಗಳು ಅಡ್ಡ. ಉಂಗುರಗಳನ್ನು ಬಿಚ್ಚಿ ಮತ್ತೆ ನೂಲು ಸುತ್ತಿ ಕಟ್ಟುವುದು ಒಂದು ದಾರಿ. ಕಾರ್ಕ್ ಬಿಲ್ಲೆಗಳನ್ನು ಉದ್ದಕ್ಕೆ ಎರಡು ಹೋಳು ಮಾಡಿ, ಕೋಲಿನ ಎರಡು ಬದಿಯಿಂದ ಜೋಡಿಸಿ ಅಂಟಿಸುವುದು ಇನ್ನೊಂದು. ನಾನು ಆರಿಸಿಕೊಂಡದ್ದು ಎರಡನೆಯದನ್ನು. ಹೋಳು ಮಾಡಲು ಗರಗಸ ಬಳಸಿದರೆ ಅದರ ದಪ್ಪದಷ್ಟು ಕಾರ್ಕ್ ಪುಡಿಯಾಗಿ ಹೋಗಿ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಹೊಸ ಬ್ಲೇಡು ಆ ನಷ್ಟ ಮಾಡುವುದಿಲ್ಲ.

ಅಂಗಡಿಯಲ್ಲಿ ಸಿಗುವ ಕಾರ್ಕ್ ಬಿಲ್ಲೆಗಳು ಸುಮಾರು 12 ಮಿಲಿಮೀಟರ್ ದಪ್ಪ ಇರುತ್ತವೆ. ನಮ್ಮೂರಿನಲ್ಲಿ ಅವು ಸಿಗಲಿಲ್ಲ. ಕಾಲೇಜಿಗೆ ಪ್ರಯೋಗಾಲಯದ ಸಾಮಾನು ತರುವ ಅಂಗಡಿಯಿಂದ ದೊಡ್ಡ ಕಾರ್ಕ್ ಬಿರಡೆಗಳನ್ನು ಕೊಂಡು, ಬಿಲ್ಲೆಗಳಾಗಿ ಕತ್ತರಿಸಿ, ಕಾರ್ಕ್ ಬೋರರಿನಿಂದ ರಂಧ್ರ ಕೊರೆದೆ. ಬೋರರು ಕೊರೆಯುವುದು ಒಂದೇ ಅಗಲದ ರಂಧ್ರ. ಕೋಲಿನ ಓರೆಗೆ ಹೊಂದಿಸಲು ಪ್ರತಿಯೊಂದು ಬಿಲ್ಲೆಯನ್ನೂ ದುಂಡನೆಯ ಅರದಿಂದ ಸ್ವಲ್ಪ ಸ್ವಲ್ಪ ತೀಡಬೇಕು. ಬಿಲ್ಲೆ ತನ್ನ ಜಾಗಕ್ಕೆ ಬರುವ ಒಂದು ಸೆಂಟಿಮೀಟರ್ ಮೊದಲೇ ಸ್ವಲ್ಪ ಬಿಗಿ ಅನಿಸಬೇಕು. ಅದಕ್ಕಿಂತ ಬಿಗಿಯಾಗಿ ಬಲವಂತ ಮಾಡಿದರೆ ಕಾರ್ಕ್ ಸೀಳುತ್ತದೆ.

ಇವಿಎ ಹಿಡಿಯನ್ನು ಏರಿಸುವವರಿಗೆ ಒಂದು ಸೂಚನೆ. ಅದರ ರಂಧ್ರ ಕೋಲಿಗಿಂತ ಸ್ವಲ್ಪ ಚಿಕ್ಕದಿರುತ್ತದೆ. ಮುಂದಿನಿಂದ ಹಿಡಿದು ಎಳೆದರೆ ಸ್ಪಂಜು ಉದ್ದವಾಗಿ, ತೆಳುವಾಗಿ, ಕೋಲನ್ನು ಇನ್ನಷ್ಟು ಬಿಗಿಯಾಗಿ ಕಚ್ಚುತ್ತದೆ. ಹಿಂದಿನಿಂದ ತಳ್ಳಿದರೆ ಗಿಡ್ಡವಾಗಿ, ಅಗಲವಾಗಿ, ಸಡಿಲಗೊಂಡು ಮುಂದೆ ಸರಿಯುತ್ತದೆ. ಸೈಕಲ್ಲಿನ ಹ್ಯಾಂಡಲಿನ ರಬ್ಬರ್ ಹಿಡಿಯನ್ನು ಎಳೆದು ತೆಗೆಯಲು ಹೆಣಗಿದ ಹುಡುಗರಿಗೆಲ್ಲ ಈ ಪಾಠ ಗೊತ್ತು.

ಅಂಟಿನ ವಿಜ್ಞಾನ

ನನ್ನ ಮೊದಲ ಪ್ರಯತ್ನದಲ್ಲಿ ಇನ್ನೊಂದು ತಪ್ಪೂ ಆಗಿತ್ತು. ಐದು ನಿಮಿಷದಲ್ಲಿ ಗಟ್ಟಿಯಾಗುವ ಅಂಟನ್ನು ಕೋಲಿನ ಒಂದೇ ಕಡೆ ಬಳಿದು ಹಿಡಿಯನ್ನು ಸರ್ರನೆ ತಳ್ಳಿದ್ದೆ. ಹಿಡಿ ಅಂಟನ್ನೆಲ್ಲ ಮುಂದಕ್ಕೆ ಗುಡಿಸಿಕೊಂಡು ಹೋಯಿತು. ಒಳಗೆ ಬಹುಪಾಲು ಒಣಗಿಯೇ ಉಳಿಯಿತು. ಎರಡು ತಿಂಗಳಲ್ಲಿ ಹಿಡಿ ಕೋಲಿನ ಸುತ್ತ ತಿರುಗತೊಡಗಿತು.

ಈ ಕೆಲಸಕ್ಕೆ ಬೇಕಾದದ್ದು ನಿಧಾನವಾಗಿ ಗಟ್ಟಿಯಾಗುವ, ಎರಡು ಕೊಳವೆಗಳಲ್ಲಿ ಬರುವ ಎಪಾಕ್ಸಿ. ಅರಲ್ಡೈಟ್ ನಮ್ಮಲ್ಲಿ ಮನೆಮಾತು. ರಾಳ ಮತ್ತು ಗಟ್ಟಿಕಾರಕಗಳನ್ನು ಪೊಟ್ಟಣದಲ್ಲಿ ಹೇಳಿದ ಪ್ರಮಾಣದಲ್ಲೇ ಬೆರೆಸಬೇಕು. ಗಟ್ಟಿಕಾರಕ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂಬುದು ತಪ್ಪು ಕಲ್ಪನೆ. ಇದು ರಾಸಾಯನಿಕ ಕ್ರಿಯೆ, ಒಂದರ ಅಣುಗಳಿಗೆ ಇನ್ನೊಂದರ ಅಣುಗಳು ಲೆಕ್ಕಕ್ಕೆ ಸರಿಯಾಗಿ ಸಿಗಬೇಕು. ಹೆಚ್ಚಾದದ್ದು ಹಾಗೆಯೇ ಉಳಿದು ಅಂಟನ್ನು ಮೆತ್ತಗಾಗಿಸುತ್ತದೆ. ಕ್ರಿಯೆಯಲ್ಲಿ ಉಷ್ಣವೂ ಹೊರಬರುತ್ತದೆ. ಬಟ್ಟಲಿನಲ್ಲಿ ಮುದ್ದೆಯಾಗಿ ಬಿಟ್ಟರೆ ಆ ಉಷ್ಣ ಹೊರಹೋಗದೆ ಕ್ರಿಯೆ ಇನ್ನಷ್ಟು ವೇಗಗೊಳ್ಳುತ್ತದೆ. ತಟ್ಟೆಯ ಮೇಲೆ ತೆಳುವಾಗಿ ಹರಡಿದರೆ ಕೆಲಸಕ್ಕೆ ಹೆಚ್ಚು ಸಮಯ ಸಿಗುತ್ತದೆ. ಕೈಗವಸು ಕಡ್ಡಾಯ. ಗಟ್ಟಿಕಾರಕ ಪದೇಪದೇ ತಾಗಿದರೆ ಕೆಲವರ ಚರ್ಮಕ್ಕೆ ಶಾಶ್ವತವಾದ ಒಗ್ಗದಿಕೆ ಉಂಟಾಗುತ್ತದೆ.

ಅಂಟು ಬಳಿಯುವ ಮೊದಲು ಕೋಲಿನ ಹೊಳಪು ಹೋಗುವಷ್ಟು ಮಾತ್ರ ಮರಳು ಕಾಗದದಿಂದ ಉಜ್ಜಿ, ತೊಳೆದು, ಒಂದು ಹನಿ ನೀರು ಹಾಕಿ ನೋಡಿ. ನೀರು ತೆಳುವಾಗಿ ಹರಡಿದರೆ ಮೇಲ್ಮೈ ಶುದ್ಧ. ಮಣಿಯಂತೆ ದುಂಡಗಾಗಿ ನಿಂತರೆ ಎಣ್ಣೆಯ ಜಿಡ್ಡು ಉಳಿದಿದೆ. ನೀರು ಹರಡದ ಕಡೆ ಅಂಟೂ ಹರಡದು. ಒಣಗಿಸಿದ ಮೇಲೆ ಕೋಲಿಗೂ ಕಾರ್ಕಿಗೂ ಅಂಟು ಬಳಿದು, ಹೋಳುಗಳನ್ನು ಕೂರಿಸಿ ಅತ್ತಿತ್ತ ತುಸು ತಿರುಗಿಸಬೇಕು. ಆಗ ಗಾಳಿಗುಳ್ಳೆಗಳು ಹೊರಬಿದ್ದು ಅಂಟು ಎಲ್ಲ ಕಡೆ ತಲುಪುತ್ತದೆ. ಬಿಲ್ಲೆ ಬಿಲ್ಲೆಗಳ ನಡುವೆ ಮಾತ್ರ ಅಂಟು ಅತಿ ತೆಳುವಾಗಿರಲಿ. ಎಪಾಕ್ಸಿ ಕಾರ್ಕಿಗಿಂತ ಗಟ್ಟಿ. ಆಮೇಲೆ ಉಜ್ಜುವಾಗ ಕಾರ್ಕ್ ಸವೆದು ಅಂಟಿನ ಗೆರೆಗಳು ಬಳೆಗಳಂತೆ ಎದ್ದು ನಿಲ್ಲುತ್ತವೆ.

ಅಂಟು ಒಣಗುವವರೆಗೆ ಹೋಳುಗಳನ್ನು ಒತ್ತಿ ಹಿಡಿಯಲು ಹಳೆಯ ಸೈಕಲ್ ಟ್ಯೂಬಿನ ಪಟ್ಟಿಗಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. 2 ಸೆಂಟಿಮೀಟರ್ ಅಗಲದ ಪಟ್ಟಿಯನ್ನು 10 ನ್ಯೂಟನ್ ಬಲದಿಂದ ಎಳೆದು 1.6 ಸೆಂಟಿಮೀಟರ್ ತ್ರಿಜ್ಯದ ಹಿಡಿಗೆ ಸುತ್ತಿದರೆ, ಒತ್ತಡ = ಎಳೆತ ÷ (ಅಗಲ × ತ್ರಿಜ್ಯ) ಎಂಬ ಸೂತ್ರದಂತೆ ಒಂದು ಸುತ್ತಿಗೆ ಸುಮಾರು 31,000 ಪಾಸ್ಕಲ್ ಒತ್ತಡ ಬರುತ್ತದೆ. ಒಂದರ ಮೇಲೊಂದು ನಾಲ್ಕು ಸುತ್ತು ಹಾಕಿದರೆ ಅದು ವಾಯುಮಂಡಲದ ಒತ್ತಡವನ್ನು ಮೀರುತ್ತದೆ. ಅದೂ ಎಲ್ಲ ದಿಕ್ಕಿನಿಂದ ಸಮನಾಗಿ. ಟ್ಯೂಬು ಅಂಟಿಕೊಳ್ಳದಂತೆ ನಡುವೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಒಂದು ಇಡೀ ದಿನ ಬಿಡಬೇಕು.

ಎಷ್ಟು ದಪ್ಪ, ಎಷ್ಟು ತೂಕ?

ಒಣಗಿದ ಮೇಲೆ ಒರಟು ಕಾಗದದಿಂದ ಆರಂಭಿಸಿ ನುಣುಪು ಕಾಗದದವರೆಗೆ ಉಜ್ಜಿ ಆಕಾರ ಕೊಡಬೇಕು. ಕಾರ್ಕಿನಲ್ಲಿ ಸಹಜವಾಗಿರುವ ಕಪ್ಪು ಗುಳಿಗಳನ್ನು ಉಜ್ಜಿದ ಪುಡಿಯನ್ನೇ ಅಂಟಿನಲ್ಲಿ ಕಲಸಿ ತುಂಬಬಹುದು. ವಾರ್ನಿಷ್ ಬಳಿಯಬಾರದು. ಅದರ ಗಟ್ಟಿ ಹೊರಪದರ ಕಾರ್ಕಿನ ಹಿಡಿತವನ್ನೇ ಕಸಿದುಕೊಳ್ಳುತ್ತದೆ.

ಅಣ್ಣನ ಹಳೆಯ ಹಿಡಿಯ ವ್ಯಾಸ 2.2 ಸೆಂಟಿಮೀಟರ್ ಇತ್ತು. ಹೊಸದನ್ನು 3.2 ಸೆಂಟಿಮೀಟರ್ ಮಾಡಿದೆ. ರೀಲನ್ನು ಸುತ್ತುವಾಗ ಕೋಲು ಕೈಯಲ್ಲಿ ತಿರುಗಲು ನೋಡುತ್ತದೆ. ಅದನ್ನು ತಡೆಯುವ ತಿರುಗುಬಲ, ಅಂದರೆ ಟಾರ್ಕ್, ಘರ್ಷಣೆ ಮತ್ತು ವ್ಯಾಸಗಳ ಗುಣಲಬ್ಧ. ಅದೇ ಹಿಡಿತದ ಬಲಕ್ಕೆ ವ್ಯಾಸ ಹೆಚ್ಚಿದಷ್ಟೇ, ಅಂದರೆ ಶೇಕಡಾ 45ರಷ್ಟು, ಹೆಚ್ಚಿನ ತಿರುಗುಬಲ ಸಿಗುತ್ತದೆ. ಬಿಗಿದ ಬೆರಳುಗಳನ್ನು ಪೂರ್ತಿ ಮಡಚಬೇಕಾದ ಕಷ್ಟವೂ ತಪ್ಪುತ್ತದೆ. ಹಾಗೆಂದು ಇನ್ನೂ ದಪ್ಪ ಮಾಡುತ್ತ ಹೋದರೆ ಬೆರಳುಗಳು ಸುತ್ತುವರಿಯದೆ ಹಿಡಿತ ಮತ್ತೆ ಸಡಿಲವಾಗುತ್ತದೆ.

ಹಿಡಿಯ ತೂಕದ ಬಗ್ಗೆ ಒಂದು ಲೆಕ್ಕ. 20 ಸೆಂಟಿಮೀಟರ್ ಉದ್ದದ ಹಿಂದಿನ ಹಿಡಿಯ ಗಾತ್ರ ಸುಮಾರು 100 ಘನ ಸೆಂಟಿಮೀಟರ್ ಎಂದುಕೊಳ್ಳೋಣ. ಕಾರ್ಕಿನಲ್ಲಿ ಅದರ ರಾಶಿ 20 ಗ್ರಾಂ, ತೇಗದಲ್ಲಿ ಸುಮಾರು 65 ಗ್ರಾಂ. 45 ಗ್ರಾಂ ವ್ಯತ್ಯಾಸ ದೊಡ್ಡದೆನಿಸುತ್ತದೆ. ಆದರೆ ಅದು ಕೈಯಿಂದ 18 ಸೆಂಟಿಮೀಟರ್ ದೂರದಲ್ಲಿದೆ. ತಿರುಗಿಸಲು ವಸ್ತು ಒಡ್ಡುವ ಜಡತ್ವ ದೂರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ: 0.045 × 0.18 × 0.18 = ಸುಮಾರು 0.0015 ಕಿಲೋಗ್ರಾಂ ಚದರ ಮೀಟರ್. ಈಗ ಕೋಲಿನ ತುದಿಗೆ, ಕೈಯಿಂದ 1.8 ಮೀಟರ್ ದೂರಕ್ಕೆ, ಬರೇ 3 ಗ್ರಾಂ ಸೇರಿಸಿ: 0.003 × 1.8 × 1.8 = ಸುಮಾರು 0.0097. ಬುಡದ 45 ಗ್ರಾಂಗಿಂತ ತುದಿಯ 3 ಗ್ರಾಂ ಆರು ಪಟ್ಟಿಗೂ ಮಿಕ್ಕಿ ಭಾರ! ಹಾಗಾಗಿ ಹಿಡಿಯನ್ನು ಹಗುರ ಮಾಡಲು ಪರದಾಡಬೇಕಿಲ್ಲ. ತುದಿಯ ಉಂಗುರಗಳಿಗೆ ಮಾತ್ರ ದಪ್ಪ ಅಂಟು ಮೆತ್ತಬಾರದು.

ಕೊನೆಯಲ್ಲಿ ಒಂದು ಪರೀಕ್ಷೆ. ಹಿಡಿಯ ಬಾಯಿಯಿಂದ ಕೋಲಿನ ಮೇಲಕ್ಕೆ ಒಂದು ಪೆನ್ಸಿಲ್ ಗೆರೆ ಎಳೆಯಿರಿ. ದಾರಕ್ಕೆ ಒಂದು ಲೀಟರ್ ನೀರಿನ ಬಾಟಲಿ ಕಟ್ಟಿ ಕೋಲನ್ನು 45 ಡಿಗ್ರಿ ಓರೆಯಲ್ಲಿ ನಿಧಾನವಾಗಿ ಎತ್ತಿರಿ. ಆಮೇಲೆ ಗೆರೆಯನ್ನು ನೋಡಿ. ಅದು ಬಾಯಿಯ ಬಳಿ ತುಂಡಾಗಿ ಕಂಡರೆ ಒಳಗೆ ಅಂಟು ಹಿಡಿದಿಲ್ಲ ಎಂದರ್ಥ.

ಹಿಡಿ ಕೊಡದ ರಕ್ಷಣೆ

ಒಂದು ಮಾತನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಗಾಜಿನ ಎಳೆ ವಿದ್ಯುತ್ ನಿರೋಧಕ, ಇಂಗಾಲದ ಎಳೆ ವಿದ್ಯುತ್ ವಾಹಕ. 1970ರ ದಶಕದಿಂದ ಬಳಕೆಗೆ ಬಂದು ಇಂದು ಎಲ್ಲೆಡೆ ಸಿಗುವ ಕಾರ್ಬನ್ ಕೋಲುಗಳು ತಂತಿಯಷ್ಟೇ ಅಪಾಯಕಾರಿ. ಗಾಜಿನ ಕೋಲೂ ಒದ್ದೆಯಾದರೆ ನಂಬತಕ್ಕದ್ದಲ್ಲ. ಕೈ ಎತ್ತಿದ ಮನುಷ್ಯನ ಎತ್ತರ ಸುಮಾರು 2 ಮೀಟರ್. 3.6 ಮೀಟರ್ ಉದ್ದದ ಕೋಲು ಸೇರಿದರೆ 5.6 ಮೀಟರ್. ಕೆರೆಯ ಏರಿಯ ಮೇಲೆ, ಗದ್ದೆಯ ಅಂಚಿನಲ್ಲಿ ಜೋತುಬಿದ್ದ 11,000 ವೋಲ್ಟಿನ ತಂತಿಗೆ ಇದು ತೀರ ಹತ್ತಿರ. ವಿದ್ಯುತ್ ತಂತಿಯ ಬಳಿ ಬಳಸಬೇಡಿ ಎಂಬ ಎಚ್ಚರಿಕೆಯನ್ನು ಅನೇಕ ಕೋಲುಗಳ ಮೇಲೆ ಅಂಟಿಸಿರುತ್ತಾರೆ. ಹಿಡಿ ಬದಲಿಸುವಾಗ ಆ ಚೀಟಿಯೂ ಕಿತ್ತುಹೋಗುತ್ತದೆ.

ಹೊಸ ರಬ್ಬರಿನ, ಸ್ಪಂಜಿನ, ಕಾರ್ಕಿನ ಹಿಡಿ ‘ಶಾಕ್ ಹೊಡೆಯದಂತೆ’ ಕಾಪಾಡುತ್ತದೆ ಎಂದು ನಂಬಿದವರನ್ನು ನಾನು ನೋಡಿದ್ದೇನೆ. ಕಾಪಾಡುವುದಿಲ್ಲ. ರೀಲು ಲೋಹದ್ದು, ದಾರ ಒದ್ದೆ, ಕೈ ಒದ್ದೆ, ಬೆರಳು ಕೋಲಿಗೆ ತಾಗಿರುತ್ತದೆ. ಉಪ್ಪುನೀರು ಕುಡಿದ ಹಿಡಿ ಹನ್ನೊಂದು ಸಾವಿರ ವೋಲ್ಟನ್ನು ತಡೆಯುತ್ತದೆ ಎಂದು ಪ್ರಾಣ ಒತ್ತೆಯಿಡುವಂತಿಲ್ಲ. ತಂತಿಗಳಿರುವ ಕಡೆ ಕೋಲು ಎತ್ತಬಾರದು. ಗುಡುಗು ಕೇಳಿದೊಡನೆ ಕೋಲನ್ನು ಕೆಳಗಿಟ್ಟು ದಂಡೆಯಿಂದ ಹೊರಟುಬಿಡಬೇಕು. ವಿದ್ಯಾರ್ಥಿಗಳಿಗೆ ಈ ಲೇಖನದಿಂದ ಒಂದೇ ವಿಷಯ ಹೇಳಲು ಸಾಧ್ಯವಾದರೆ ದಯವಿಟ್ಟು ಇದನ್ನು ಹೇಳಿ.

ತರಗತಿಯಲ್ಲಿ ಮಾಡಿ ನೋಡಿ

ಹಿಡಿಯ ಮೂಲಕ ಸುದ್ದಿ ಹೇಗೆ ಬರುತ್ತದೆ ಎಂಬುದನ್ನು ಶಾಲೆಯಲ್ಲಿಯೇ ಪರೀಕ್ಷಿಸಬಹುದು. ಪ್ರಯೋಗಾಲಯದ 256 ಹರ್ಟ್ಸ್ ಶ್ರುತಿಕವೆ ಪಾಸಿನಿ ಕಾಯಗಳು ಚುರುಕಾಗಿರುವ ವ್ಯಾಪ್ತಿಯಲ್ಲೇ ಇದೆ. ಒಂದು ಮೀಟರ್ ಉದ್ದದ ಬಿದಿರಿನ ಅಥವಾ ಪ್ಲಾಸ್ಟಿಕ್ಕಿನ ಕೋಲು ತೆಗೆದುಕೊಳ್ಳಿ. ಒಬ್ಬ ವಿದ್ಯಾರ್ಥಿ ಕಣ್ಣು ಮುಚ್ಚಿ, ಕಿವಿಗೆ ಹತ್ತಿ ಇಟ್ಟು, ಕೋಲಿನ ಒಂದು ತುದಿಯನ್ನು ಹಿಡಿಯಲಿ. ಇನ್ನೊಬ್ಬ ಶ್ರುತಿಕವೆಯನ್ನು ಬಡಿದು ಅದರ ಬುಡವನ್ನು ಕೋಲಿನ ಮತ್ತೊಂದು ತುದಿಗೆ ಒತ್ತಲಿ. ಎಷ್ಟು ಸೆಕೆಂಡುಗಳ ತನಕ ನಡುಕ ತಿಳಿಯುತ್ತದೆ ಎಂದು ಬರೆದುಕೊಳ್ಳಿ. ಮೊದಲು ಬರಿಗೈಯಲ್ಲಿ, ಆಮೇಲೆ ಕಾರ್ಕ್ ಹೋಳುಗಳ ನಡುವೆ ಹಿಡಿದು, ಆಮೇಲೆ ಸ್ಪಂಜು ಸುತ್ತಿ, ಕೊನೆಗೆ ಬಟ್ಟೆ ಸುತ್ತಿ ಹೀಗೆ ಮಾಡಿ. ಪ್ರತಿಯೊಂದನ್ನೂ ಐದು ಸಲ ಮಾಡಿ ಸರಾಸರಿ ತೆಗೆಯಿರಿ. ಸನ್ನೆಯ ಪಾಠ, ಅಲೆಗಳ ಪಾಠ ಮತ್ತು ಜ್ಞಾನೇಂದ್ರಿಯಗಳ ಪಾಠ ಒಂದೇ ಕೋಲಿನ ಮೇಲೆ ಕೂಡುತ್ತವೆ.

ಅಣ್ಣನ ಕೋಲಿಗೆ ಕಾರ್ಕ್ ಹಿಡಿ ಹಾಕಿಕೊಟ್ಟ ಸಂಜೆ ನಾನೂ ಅಳಿವೆಗೆ ಹೋಗಿದ್ದೆ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅವನು ಮಾತು ನಿಲ್ಲಿಸಿ, ತೋರುಬೆರಳನ್ನು ಹಿಡಿಯ ಮೇಲೆ ಮುಂದಕ್ಕೆ ಚಾಚಿ, ನೀರನ್ನು ನೋಡದೆಯೇ “ಬಂತು” ಎಂದ. ಕೋಲಿನ ತುದಿ ಬಾಗಿದ್ದು ನನ್ನ ಕಣ್ಣಿಗೆ ಕಂಡದ್ದು ಅದಾದ ಮೇಲೆ.